ಮಕ್ಕಳನ್ನು ಹೊಲಕ್ಕೆ ಕರ್ಕೊಂಡು ಹೋಗಿ ಸೀತನಿ ಸುಡೋದು ಹೇಗೆ

ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆ ಹೊಲದಲ್ಲೇ ಆಡಿ ಬೆಳೆದು ಈಗ ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸದಲ್ಲಿರುವ ನಮ್ಮಂಥವರಿಗೆ ಒಂದು ಪೇಚಾಟ ಇದೆ. ಸಣ್ಣವರಿದ್ದಾಗ ಹೊಟ್ಟೆ ಬಿರಿಯುವಷ್ಟು ಸೀತನಿ, ಅಂದರೆ ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತೆಗೆದ ಕಾಳು, ತಿಂದಿದ್ದೇವೆ, ನಿಜ. ಆದರೆ ಸುಟ್ಟವರು ಅಜ್ಜ, ಕಾಕಾ. ನಮ್ಮ ಪಾಲಿಗೆ ಬಂದದ್ದು ಡಬ್ಬಿ ಬಡಿದು ಗುಬ್ಬಿ ಓಡಿಸುವುದು, ಕುಳ್ಳು (ಸಗಣಿ ಬೆರಣಿ) ಹೊತ್ತು ತರುವುದು, ಆಮೇಲೆ ಕೈ ಒಡ್ಡಿ ಕೂರುವುದು. ಈಗ ನಮ್ಮ ಮಕ್ಕಳು ಕೈ ಒಡ್ಡಿ ಕೂತರೆ ಸುಡುವವರು ನಾವೇ ಆಗಬೇಕಲ್ವಾ?

ಎಲ್ಲಕ್ಕಿಂತ ಮುಖ್ಯ ಸಮಯ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಕೊಯ್ಲು ಫೆಬ್ರವರಿ-ಮಾರ್ಚ್ ಹೊತ್ತಿಗೆ. ಸೀತನಿ ಇದರ ನಡುವೆ, ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಹೊಲಕ್ಕೆ ಎಡೆಯ ಚರಗ ಚೆಲ್ಲಿ ಬಂದಮೇಲೆ, ಸಂಕ್ರಾಂತಿ ಆಚೀಚೆ. ಒಂದು ಹೊಲದಲ್ಲಿ ಆ ಹದ ಜಾಸ್ತಿ ದಿನ ನಿಲ್ಲುವುದಿಲ್ಲ. ಆದ್ದರಿಂದ ರಜೆ ನೋಡಿಕೊಂಡು ಊರಿಗೆ ಹೋಗಬೇಡಿ. ಮೊದಲು ಊರಿಗೆ ಫೋನ್ ಹಚ್ಚಿ "ಮಾಮಾ, ಹಾಲಗಾಳು ದಾಟೇತೇನು?" ಅಂತ, ಅಂದರೆ ಕಾಳಲ್ಲಿ ಹಾಲು ತುಂಬುವ ಹಂತ ಮುಗೀತಾ ಅಂತ ಕೇಳಿ, ಆಮೇಲೆ ರಜೆ ಹಾಕಿ.

ಯಾವ ಜೋಳ? ರೊಟ್ಟಿಗೆ ಹೆಸರಾದ ಮಾಲದಂಡಿಯನ್ನೂ ಸುಡಬಹುದು, ತಪ್ಪೇನಿಲ್ಲ. ಆದರೆ ಹಳಬರು ಸೀತನಿಗೆ ಅಂತಲೇ ಸಕ್ಕರಿ ಮುಕ್ಕರಿಯಂಥ ಬೇರೆ ಜೋಳವನ್ನು ನಾಲ್ಕು ಸಾಲು ಹಾಕುತ್ತಿದ್ದರು. ಅದು ಸಿಹಿ ಜಾಸ್ತಿ, ತಿಕ್ಕಿದರೆ ಕಾಳು ಬೇಗ ಬಿಡುತ್ತದೆ. ಈಗಲೂ ಯಾರ ಮನೆಯಲ್ಲಾದರೂ ಬೀಜ ಇದ್ದರೆ ಒಂದು ಹಿಡಿ ಇಸ್ಕೊಂಡು ಬನ್ನಿ, ಮುಂದಿನ ವರ್ಷಕ್ಕಾಗುತ್ತದೆ.

ತೆನೆ ಆರಿಸುವಾಗ ಉಗುರಿನಿಂದ ಕಾಳು ಒತ್ತಿ ನೋಡಿ. ಬಿಳಿ ಹಾಲು ಚಿಮ್ಮಿದರೆ ಇನ್ನೂ ಎಳೆಯದು, ಸುಟ್ಟರೆ ಚುರುಟಿ ಹೋಗುತ್ತದೆ. ಉಗುರು ಇಳಿಯದಿದ್ದರೆ ಅದನ್ನು ರೊಟ್ಟಿಗೆ ಬಿಡಿ. ಉಗುರು ಮೆತ್ತಗೆ ಇಳಿದು, ಒಳಗೆ ನಾದಿದ ಹಿಟ್ಟಿನಂತಿರಬೇಕು, ಕಾಳು ಹಸಿರಾಗಿ ಉಬ್ಬಿರಬೇಕು. ಇನ್ನೊಂದು ವಿಷಯ: ಜೋಳ ಹೂ ಬಿಡುವುದು ತೆನೆಯ ತುದಿಯಿಂದ ಕೆಳಕ್ಕೆ, ಹಾಗಾಗಿ ತುದಿಯ ಕಾಳು ಮೊದಲು ಬಲಿಯುತ್ತದೆ. ತುದಿಯಲ್ಲಷ್ಟೇ ನೋಡಿ ಮೋಸ ಹೋಗಬೇಡಿ, ನಡುವಿನ ಕಾಳು ಒತ್ತಿ. ಕೊಯ್ಯುವಾಗ ಹಿಡಿಕೆಗೆ ಅಂತ ಒಂದು ಗೇಣು ದಂಟು ಬಿಡಿ. ಬೇಕಾದಷ್ಟೇ ಕೊಯ್ಯಿರಿ, ಕೊಯ್ದಿದ್ದನ್ನು ಕೂಡಲೇ ಸುಡಿ, ಇಟ್ಟಷ್ಟೂ ಸಿಹಿ ಕಡಿಮೆಯಾಗುತ್ತದೆ. ತುಂಬು ತೋಳಿನ ಅಂಗಿ ಇರಲಿ, ಇಲ್ಲದಿದ್ದರೆ ಸುಂಕು (ತೆನೆಯ ಸಣ್ಣ ಧೂಳು) ಹತ್ತಿ ಸಂಜೆತನಕ ತುರಿಸಿಕೊಳ್ಳುತ್ತೀರಿ.

ಬೆಂಕಿಗೆ ಬೆಳೆಯಿಂದ, ಕಣಿಕೆ (ಒಣ ಜೋಳದ ದಂಟು) ಬಣವೆಯಿಂದ ದೂರ ಜಾಗ ನೋಡಿ. ಮೊಣಕೈ ಆಳದ ತಗ್ಗು ತೋಡಿ ಒಣಗಿದ ಕುಳ್ಳು ಒಟ್ಟಿ ಹಚ್ಚಿ. ಪಕ್ಕದಲ್ಲಿ ಒಂದು ಕೊಡ ನೀರು ಇರಲೇಬೇಕು. ಉರಿ ಇರುವಾಗ ತೆನೆ ಇಡಬೇಡಿ. ಸುಡುವುದು ಕೆಂಡ ಮತ್ತು ಬಿಸಿ ಬೂದಿ, ಉರಿಯಲ್ಲ. ಉರಿಯಲ್ಲಿ ಹಿಡಿದರೆ ಮೇಲೆ ಕರಿಯಾಗಿ ಒಳಗೆ ಹಸಿ ಉಳಿಯುತ್ತದೆ. ಕುಳ್ಳು ಪೂರ್ತಿ ಕೆಂಪಾದ ಮೇಲೆ ನಾಲ್ಕೈದು ತೆನೆ ಕೆಂಡದೊಳಗೆ ತೂರಿಸಿ, ಮೇಲೆ ಬೂದಿ ಎಳೆದು, ದಂಟು ಹಿಡಿದು ತಿರುಗಿಸುತ್ತಿರಿ. ಗಡಿಯಾರ ನೋಡುವ ಕೆಲಸ ಇಲ್ಲ. ಮೊದಲು ಚುರ್ರ್ ಅನ್ನುತ್ತದೆ, ಆಮೇಲೆ ಒಂದೆರಡು ಕಾಳು ಚಟ್ ಅಂತ ಸಿಡಿಯುತ್ತದೆ, ಹಸಿ ವಾಸನೆ ಹೋಗಿ ಘಮ ಏಳುತ್ತದೆ. ತೆಗೆಯಿರಿ.

ಇನ್ನು ತಿಕ್ಕುವುದು. ಬಿಸಿ ಇರುವಾಗಲೇ ತಿಕ್ಕಬೇಕು, ಆರಿದರೆ ಕಾಳು ಹೊಟ್ಟು ಬಿಡುವುದಿಲ್ಲ. ನಮ್ಮ ಅಜ್ಜ ಬರಿಗೈಲೇ ತಿಕ್ಕುತ್ತಿದ್ದ, ಅಂಗೈ ಅಷ್ಟು ಗಟ್ಟಿ. ಕೀಬೋರ್ಡ್ ಕುಟ್ಟುವ ನಮ್ಮ ಕೈಗೆ ಅದಾಗದು, ಸುಮ್ನೆ ಹಟ ಮಾಡಬೇಡಿ. ತೆನೆ ಕೊಡವಿ ಬೂದಿ ಉದುರಿಸಿ, ಗೋಣಿಚೀಲದ ಮಡಿಕೆಯೊಳಗೆ ಇಟ್ಟು ಎರಡೂ ಕೈಯಿಂದ ಹೊಸೆಯಿರಿ. ಉದುರಿದ್ದನ್ನು ಮೊರದಲ್ಲಿ ಹಾಕಿ ಕೇರಿ, ಇಲ್ಲವೇ ಕೈಯಿಂದ ಕೈಗೆ ಸುರಿಯುತ್ತ ಊದಿ. ಈ ಊದುವ ಕೆಲಸ ಮಕ್ಕಳಿಗೆ ಕೊಡಿ, ಮುಖಕ್ಕೆಲ್ಲ ಹೊಟ್ಟು ಹಾರಿಸಿಕೊಂಡು ಖುಷಿಪಡುತ್ತಾರೆ.

ನಂಚಿಕೊಳ್ಳಲು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಬೆಲ್ಲ. ಪಕ್ಕದ ಹೊಲದಲ್ಲಿ ಕಡಲೆ ಇದ್ದರೆ ಹೊಲದವರನ್ನು ಕೇಳಿ ನಾಲ್ಕು ಗಿಡ ಕಿತ್ತು ಅದೇ ಕೆಂಡದ ಮೇಲೆ ಸುಲಗಾಯಿ (ಹಸಿ ಕಡಲೆಕಾಯಿ) ಸುಡಿ. ಸೊಲ್ಲಾಪುರ, ಪುಣೆ ಕಡೆ ಇದನ್ನೇ ಹುರಡಾ ಪಾರ್ಟಿ ಅಂತ ಮಾಡಿ ತಲೆಗಿಷ್ಟು ಅಂತ ದುಡ್ಡು ತಗೊಳ್ಳುತ್ತಾರೆ. ಹೊಲ ಇಲ್ಲದವರಿಗೆ ಅದೂ ಒಳ್ಳೇದೇ. ಹೊಲ ಇದ್ದೂ ಅಲ್ಲಿಗೆ ಹೋಗುವವರನ್ನು ಕಂಡರೆ ಮಾತ್ರ ನನಗೆ ಅರ್ಥವಾಗುವುದಿಲ್ಲ.

ಒಮ್ಮೆಲೇ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಮೇಲೆ ಮಜ್ಜಿಗೆ ಕುಡಿಯಿರಿ. ಎದ್ದು ಬರುವ ಮುಂಚೆ ತಗ್ಗಿಗೆ ನೀರು ಸುರಿದು ಮಣ್ಣು ಮುಚ್ಚಿ. ಉಳಿದ ಕಾಳನ್ನು ಮನೆಗೆ ತಂದು ಮರುದಿನ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ನಾಷ್ಟಾಕ್ಕಾಯ್ತು.