ಸೆಡೇಷನ್ ನಂತರದ ಡೆಲಿರಿಯಂ ಮನೆಯವರ ಕಣ್ಣಿಗೆ ಬಿದ್ದದ್ದು ಹೇಗೆ: ನನ್ನ ಅನುಭವ

ಸೆಡೇಷನ್, ಅಂದರೆ ಮಂಪರು ಬರಿಸುವ ಔಷಧಿ, ಕೊಟ್ಟ ಮೇಲೆ ಕೆಲವರ ಬುದ್ಧಿ ಇದ್ದಕ್ಕಿದ್ದಂತೆ ಕದಡುತ್ತದೆ, ಅದೇ ಡೆಲಿರಿಯಂ. ಅದನ್ನು ಗುರುತಿಸಲು ರೋಗಿಯ ಮನೆಯವರಿಗೆ ಕಲಿಸಿದರೆ ಪ್ರತಿ ಆಕಳಿಕೆಗೂ ಕರೆಗಂಟೆ ಒತ್ತುತ್ತಾರೆ ಎಂದಿದ್ದರು ನಮ್ಮ ವಾರ್ಡಿನ ಹಿರಿಯ ವೈದ್ಯರು. ಈಗ ರೌಂಡ್ಸ್‌ಗೆ ಬಂದರೆ ಅವರೇ ಮೊದಲು ಮನೆಯವರು ಬರೆದಿಡುವ ಹಾಸಿಗೆ ಪಕ್ಕದ ನೋಟ್‌ಬುಕ್ ಕೇಳುತ್ತಾರೆ.

ಡೆಲಿರಿಯಂ ಪತ್ತೆಗೆ ಹಾಸಿಗೆ ಪಕ್ಕದಲ್ಲೇ ಮಾಡುವ ಕ್ಯಾಮ್, 4ಎಟಿ ಪರೀಕ್ಷೆಗಳೆಲ್ಲ ನರ್ಸ್‌ಗಳಾದ ನಮಗೆ ಗೊತ್ತಿರುವವೇ. ಅವುಗಳಲ್ಲಿ ಸಿಗುವುದು ನಾವು ಪಕ್ಕದಲ್ಲಿ ನಿಂತ ನಾಲ್ಕೈದು ನಿಮಿಷದ ರೋಗಿ. ಬೆಳಿಗ್ಗೆ ಇಳಿದು ಸಂಜೆ ಏರುವ ಕಾಯಿಲೆ ಇದು, ಸಂಜೆ ಜೊತೆಗಿರುವವರು ಮನೆಯವರು.

ಮೊದಲು ನರ್ಸ್‌ಗಳೇ ದುಡ್ಡು ಹಾಕಿ ಬಣ್ಣದ ಕರಪತ್ರ ಅಚ್ಚು ಮಾಡಿಸಿದೆವು. ಮುಕ್ಕಾಲು ಪಾಲು ವ್ಯರ್ಥ. ಟ್ಯೂಬ್ ಕೀಳುವುದು, ಕೂಗಾಡುವುದು, ಇಲ್ಲದವರನ್ನು ಕಾಣುವುದು ಎಂದೆಲ್ಲ ಬರೆದಿತ್ತು. ಓದಿದವರು ಅದಕ್ಕೇ ಕಾದು ಕೂತರು. ಮಾತಿಲ್ಲದೆ ಗೋಡೆ ನೋಡುತ್ತ ಮಲಗಿದವರನ್ನು ‘ಪಾಪ, ಸುಸ್ತು’ ಎಂದು ಬಿಟ್ಟರು. ನಮ್ಮ ಕಣ್ಣಿಗೂ ಹೆಚ್ಚಾಗಿ ತಪ್ಪುವುದು ಈ ಸದ್ದಿಲ್ಲದ ಬಗೆಯೇ. ಆಮೇಲೆ ಹೌದು-ಇಲ್ಲ ಪಟ್ಟಿ ಕೊಟ್ಟೆವು. ಹೆಚ್ಚುಕಮ್ಮಿ ಎಲ್ಲರೂ ‘ಇಲ್ಲ’ಕ್ಕೇ ಗುರುತು ಹಾಕಿದರು. ಅಪ್ಪನ ತಲೆ ಕೆಟ್ಟಿದೆ ಎಂದು ಕೈಯಾರೆ ಬರೆದುಕೊಡಲು ಯಾವ ಮಗನಿಗೆ ಮನಸ್ಸು ಬರುತ್ತದೆ?

ಕೊನೆಗೆ ಕೆಲಸ ಮಾಡಿದ್ದು ಒಂದೇ ಪ್ರಶ್ನೆ: ‘ಇವರು ನಿಮಗೆ ಗೊತ್ತಿರುವ ಅಮ್ಮನ ಹಾಗೇ ಇದ್ದಾರಾ? ಇಲ್ಲ ಅನ್ನಿಸಿದರೆ ಯಾವುದರಲ್ಲಿ?’ ಬರೆಯಲು ಅಗ್ಗದ ನೋಟ್‌ಬುಕ್ ಸಾಕು, ಕರಪತ್ರದ ಖರ್ಚಿನಲ್ಲಿ ಹತ್ತನೇ ಒಂದು ಪಾಲೂ ಆಗಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಮೊದಲ ಪುಟ ತುಂಬಿಸುತ್ತೇನೆ: ಮರೆವು ಎಷ್ಟಿದೆ, ಮಾತು ಹೇಗೆ, ಕಿವಿ, ಕನ್ನಡಕ, ನಿದ್ದೆ ಮಾತ್ರೆ, ಕುಡಿತ. ಈ ಪುಟ ಖಾಲಿ ಇದ್ದರೆ ಉಳಿದದ್ದಕ್ಕೆ ಬೆಲೆಯಿಲ್ಲ. ಬರೀ ಸೆಡೇಷನ್ ಮಂಪರಾದರೆ ಹೊತ್ತು ಹೋದಂತೆ ಇಳಿಯುತ್ತಲೇ ಹೋಗಬೇಕು. ಒಮ್ಮೆ ಸರಿಯಾಗಿ ಮಾತಾಡಿದವರು ಎರಡನೆಯದೋ ಮೂರನೆಯದೋ ದಿನ ಕದಡಿದರೆ ಸೆಡೇಷನ್ ಮೇಲೆ ಹಾಕಿ ಕೂರಬೇಡಿ ಎನ್ನುತ್ತೇನೆ. ಎಬ್ಬಿಸಿದರೂ ಏಳದಿದ್ದರೆ ಬರೆಯುತ್ತ ಕೂರದೆ ಓಡಿ ಬರಬೇಕು.

ಒಬ್ಬರ ಹೆಂಡತಿ ಬರೆದಿದ್ದರು: ‘ಬೇಕೆಂದೇ ತಪ್ಪು ತಾರೀಖು ಹೇಳಿದೆ, ತಿದ್ದಲಿಲ್ಲ. ಇವರು ತಿದ್ದದೆ ಬಿಡುವವರೇ ಅಲ್ಲ.’ ಬೆಳಿಗ್ಗೆ ನಮ್ಮ ಪರೀಕ್ಷೆಯಲ್ಲಿ ಆತ ಪಾಸಾಗಿದ್ದರು. ಕಾರಣ ಹುಡುಕಿದಾಗ ಮೂತ್ರ ಕಟ್ಟಿಕೊಂಡಿತ್ತು. ಎಷ್ಟು ಹೆಮ್ಮೆಯಾಯಿತು ಆ ದಿನ! ಅಷ್ಟು ಹರಿತವಾದ ಪರೀಕ್ಷೆ ಯಾವ ಫಾರಂನಲ್ಲೂ ಇಲ್ಲ. ತಡವಾಗಿದ್ದರೆ ಹಾಸಿಗೆ ಬಾಡಿಗೆ ದಿನಗಟ್ಟಲೆ ಬೆಳೆಯುತ್ತಿತ್ತು, ಕಟ್ಟಬೇಕಾದವರೂ ಅವರೇ.

ಸುಳ್ಳು ಕರೆಗಳೂ ಬಂದವು, ನೆನಪಿನ ಮೇಲೆ ಹೇಳುವುದಾದರೆ ಹತ್ತರಲ್ಲಿ ಮೂರೋ ನಾಲ್ಕೋ. ಅವುಗಳಲ್ಲೂ ಹೆಚ್ಚಿನವು ನೋವು, ಮಲಬದ್ಧತೆ, ನಿದ್ದೆಗೇಡು. ನೋಡಲೇಬೇಕಾದವು.

ನಡುವೆ ರಾತ್ರಿ ಮೊಮ್ಮಕ್ಕಳ ಧ್ವನಿಮುದ್ರಣ ಕೇಳಿಸಿ ನೋಡಿದೆ. ಕೆಲವರು ಮಗು ಎಲ್ಲಿ ಎಂದು ಹಾಸಿಗೆ ಬಿಟ್ಟು ಏಳಹೊರಟರು, ನಿಲ್ಲಿಸಿಬಿಟ್ಟೆ. ಎಚ್ಚರವಾದ ಕೂಡಲೇ ಕನ್ನಡಕ, ಶ್ರವಣ ಸಾಧನ ಹಾಕಿಸುವುದನ್ನು ಮಾತ್ರ ಬಿಟ್ಟಿಲ್ಲ. ‘ಎಲ್ಲ ಸರಿ ಇದೆ’ ಎಂದಷ್ಟೇ ಬರೆಯುವ ಮನೆಯವರ ಬಾಯಿ ಬಿಡಿಸಲು ನನ್ನದೇ ಒಂದು ಉಪಾಯವಿದೆ. ಅದನ್ನು ನಮ್ಮ ಹೊಸ ಹುಡುಗಿಯರಿಗೆ ಹಾಸಿಗೆ ಪಕ್ಕದಲ್ಲೇ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಡಿಸ್ಚಾರ್ಜ್ ದಿನ ನೋಟ್‌ಬುಕ್ ಅವರ ಜೊತೆಗೇ ಹೋಗುತ್ತದೆ. ಕೆಲವರಲ್ಲಿ ಈ ಗೊಂದಲ ವಾರಗಟ್ಟಲೆ ಉಳಿಯುತ್ತದೆ. ಒಮ್ಮೆ ಡೆಲಿರಿಯಂ ಬಂದವರಿಗೆ ಮತ್ತೆ ಬರುವ ಸಾಧ್ಯತೆಯೂ ಹೆಚ್ಚು. ಮುಂದೆಂದಾದರೂ ಸೆಡೇಷನ್ ಬೇಕಾದರೆ ಅರಿವಳಿಕೆ ವೈದ್ಯರಿಗೆ ಮೊದಲು ಇದನ್ನೇ ತೋರಿಸಿ ಎಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕಳಿಸುತ್ತೇನೆ.