ಅಮೆರಿಕದ ಶಾಲೆ-ಕಾಲೇಜುಗಳಲ್ಲಿ ಅಫಿನಿಟಿ ಗ್ರೂಪ್: ನಾವು ತಿಳಿದಿರಬೇಕಾದದ್ದು

ಮಗಳು ಒಂಬತ್ತನೇ ಗ್ರೇಡಿಗೆ ಕಾಲಿಟ್ಟ ಮೊದಲ ತಿಂಗಳು ಶಾಲೆಯಿಂದ ಇಮೇಲ್ ಬಂತು. ಬುಧವಾರ ಊಟದ ಬಿಡುವಿನಲ್ಲಿ ಸೌತ್ ಏಷ್ಯನ್ ಅಫಿನಿಟಿ ಗ್ರೂಪ್ ಸೇರುತ್ತದೆ, ಆಸಕ್ತಿಯಿದ್ದವರು ಬರಬಹುದು ಅಂತ. "ಡ್ಯಾನ್ಸ್ ಕಲಿಸ್ತಾರಾ?" ಎಂದು ಕೇಳಿದೆ. "ಇಲ್ಲಮ್ಮ, ಕೂತು ಮಾತಾಡೋದಷ್ಟೇ. ಅಲ್ಲಿ ನನ್ನ ಹೆಸರನ್ನ ಮೂರು ಸಲ ಬಿಡಿಸಿ ಹೇಳ್ಬೇಕಾಗಿಲ್ಲ" ಅಂದಳು. ವಾರಕ್ಕೆ ಅರ್ಧ ಗಂಟೆಯಾದರೂ ತನ್ನ ಬಗ್ಗೆ ವಿವರಣೆ ಕೊಡದೆ ಕೂತಿರಲು ಒಂದು ಜಾಗ ಅವಳಿಗೆ ಬೇಕಿತ್ತು ಎಂದು ಆಗ ಹೊಳೆಯಿತು.

ಕಲ್ಚರಲ್ ಕ್ಲಬ್ ಬೇರೆ, ಅಫಿನಿಟಿ ಗ್ರೂಪ್ ಬೇರೆ. ದೀಪಾವಳಿ ಕಾರ್ಯಕ್ರಮ ಮಾಡುವ ಕ್ಲಬ್ ತನ್ನ ಸಂಸ್ಕೃತಿಯನ್ನು ಇತರರಿಗೆ ತೋರಿಸುತ್ತದೆ. ಅಫಿನಿಟಿ ಗ್ರೂಪ್‌ನಲ್ಲಿ ಒಂದೇ ಬಗೆಯ ಅನುಭವ ಇರುವ ವಿದ್ಯಾರ್ಥಿಗಳು ಒಟ್ಟಿಗೆ ಕೂರುತ್ತಾರೆ, ನೋಡುವವರು ಯಾರೂ ಇರಬೇಕಾಗಿಲ್ಲ. ಆಫ್ರಿಕನ್ ಅಮೆರಿಕನ್, ಲ್ಯಾಟಿನೋ, ನೇಟಿವ್ ಅಮೆರಿಕನ್ ವಿದ್ಯಾರ್ಥಿಗಳು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ 'ಫಸ್ಟ್ ಜೆನ್' ಮಕ್ಕಳು, ಅಂಗವಿಕಲ ವಿದ್ಯಾರ್ಥಿಗಳು, ಕಂಪ್ಯೂಟರ್ ಸೈನ್ಸ್ ಓದುವ ಹೆಣ್ಣುಮಕ್ಕಳು, ಹೀಗೆ ಹಲವರಿಗೆ ಇಂಥ ಗುಂಪುಗಳಿವೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಶನ್ ಎಂದುಕೊಳ್ಳಬೇಡಿ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ದೇಶದ ಮೊದಲ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಹುಟ್ಟಿತು. ಎರಡು ವರ್ಷಗಳ ನಂತರ ಅದೇ ವಿದ್ಯಾರ್ಥಿಗಳು ಇತರ ಸಮುದಾಯದವರ ಜೊತೆ ಸೇರಿ ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರಿಂದ ಅಲ್ಲಿ ಈ ಸಮುದಾಯಗಳ ಇತಿಹಾಸ, ಸಂಸ್ಕೃತಿ ಕಲಿಸುವ ಎತ್ನಿಕ್ ಸ್ಟಡೀಸ್ ಕಾಲೇಜೇ ಆರಂಭವಾಯಿತು. ನನಗೆ ಹೆಚ್ಚು ಹತ್ತಿರವೆನಿಸುವುದು ಪರ್ಡ್ಯೂ ವಿಶ್ವವಿದ್ಯಾಲಯದ ಕಥೆ. 1960ರ ದಶಕದ ಕೊನೆಗೆ ಅಲ್ಲಿ ಇಂಜಿನಿಯರಿಂಗ್ ಸೇರಿದ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ನೂರಕ್ಕೆ 80 ಮಂದಿ ಮಧ್ಯದಲ್ಲೇ ಬಿಟ್ಟುಹೋಗುತ್ತಿದ್ದರು. ಅಲ್ಲಿನ ವಿದ್ಯಾರ್ಥಿಗಳೇ ಮುಂದೆ ಬಂದು ಸಂಘ ಕಟ್ಟಿಕೊಂಡರು. ಅದೇ 1975ರಲ್ಲಿ ನ್ಯಾಷನಲ್ ಸೊಸೈಟಿ ಆಫ್ ಬ್ಲ್ಯಾಕ್ ಇಂಜಿನಿಯರ್ಸ್ ಆಗಿ ದೇಶವಿಡೀ ಹರಡಿತು. ತರಗತಿಯಲ್ಲಿ ತನ್ನಂಥವನು ತಾನೊಬ್ಬನೇ ಆಗಿರುವವನು ಪಾಠ ಅರ್ಥವಾಗದಿದ್ದರೂ ಕೈ ಎತ್ತುವುದಿಲ್ಲ. 'ಇವರಿಗೆಲ್ಲ ಇಷ್ಟೇ' ಎಂದುಕೊಂಡಾರು ಎಂಬ ಭಯ. ತನ್ನವರ ನಡುವೆ ಅವನು ಧೈರ್ಯವಾಗಿ ಕೇಳುತ್ತಾನೆ.

ನಮ್ಮ ಮಕ್ಕಳು 'ಅಂಡರ್‌ರೆಪ್ರೆಸೆಂಟೆಡ್' (ಜನಸಂಖ್ಯೆಯಲ್ಲಿರುವ ತಮ್ಮ ಪಾಲಿಗಿಂತ ಕಡಿಮೆ ಇರುವವರು) ಲೆಕ್ಕಕ್ಕೆ ಬರುತ್ತಾರೆಯೇ? ವಿಜ್ಞಾನ, ಇಂಜಿನಿಯರಿಂಗ್ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಇಲ್ಲ. ಅಲ್ಲಿ ಏಷ್ಯನ್ನರನ್ನು ಆ ಪಟ್ಟಿಗೆ ಸೇರಿಸುವುದಿಲ್ಲ. ಆದರೆ ಇಡೀ ಶಾಲೆಯಲ್ಲಿ ಇಬ್ಬರೋ ಮೂವರೋ ಭಾರತೀಯರಿರುವ ಊರಿನಲ್ಲಿ ಬೆಳೆಯುವ ಮಗುವಿನ ಒಂಟಿತನ ಆ ಪಟ್ಟಿ ನೋಡಿಕೊಂಡು ಬರುವುದಿಲ್ಲವಲ್ಲ.

ಈಗ ನಿಯಮದ ವಿಷಯ. 1984ರ ಈಕ್ವಲ್ ಆಕ್ಸೆಸ್ ಆಕ್ಟ್ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಪಬ್ಲಿಕ್ ಹೈಸ್ಕೂಲು ಪಠ್ಯಕ್ಕೆ ಸಂಬಂಧಿಸದ ಒಂದು ವಿದ್ಯಾರ್ಥಿ ಕ್ಲಬ್ಬಿಗೆ ಜಾಗ ಕೊಟ್ಟರೆ, ಉಳಿದವಕ್ಕೆ ಅವುಗಳ ಧರ್ಮ, ರಾಜಕೀಯ, ವಿಚಾರ ನೋಡಿ ಇಲ್ಲ ಎನ್ನುವಂತಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು. ಷರತ್ತುಗಳಿವೆ: ಗುಂಪನ್ನು ವಿದ್ಯಾರ್ಥಿಗಳೇ ಶುರುಮಾಡಿರಬೇಕು, ಪಾಠದ ಹೊತ್ತಿನಲ್ಲಿ ಸೇರಬಾರದು, ಹೊರಗಿನವರು ಅದನ್ನು ನಡೆಸುವುದಾಗಲಿ ನಿಯಮಿತವಾಗಿ ಹೋಗಿ ಕೂರುವುದಾಗಲಿ ಕೂಡದು. ಈ 'ಹೊರಗಿನವರು' ಎಂಬ ಮಾತಿನಲ್ಲಿ ತಂದೆತಾಯಿಯರಾದ ನಾವೂ ಸೇರುತ್ತೇವೆ. ಮಗಳಿಗೋಸ್ಕರ ನಾನೇ ಹೋಗಿ ಗ್ರೂಪ್ ಕಟ್ಟಿಕೊಡುತ್ತೇನೆ ಎನ್ನುವ ಉತ್ಸಾಹ ಬೇಡ. ಮಗಳೇ ಇಬ್ಬರು ಗೆಳತಿಯರ ಜೊತೆ ಕೌನ್ಸೆಲರ್ ಬಳಿ ಹೋಗಿ, ತಮ್ಮನ್ನು ಅರ್ಥಮಾಡಿಕೊಳ್ಳುವ ಒಬ್ಬ ಟೀಚರನ್ನು ಅಡ್ವೈಸರ್ ಆಗಿರಿ ಎಂದು ಕೇಳಿದರೆ ಕೆಲಸ ಅರ್ಧ ಮುಗಿದಂತೆ.

ಇನ್ನೊಂದು ಎಚ್ಚರಿಕೆ. 1964ರ ಸಿವಿಲ್ ರೈಟ್ಸ್ ಆಕ್ಟ್‌ನ ಟೈಟಲ್ ಸಿಕ್ಸ್ ಪ್ರಕಾರ, ಜನಾಂಗ ನೋಡಿ ಯಾರನ್ನೂ ಹೊರಗಿಡುವಂತಿಲ್ಲ. ಹಾಗಾಗಿ ಗುಂಪಿನ ಹೆಸರಿನಲ್ಲಿ ಸೌತ್ ಏಷ್ಯನ್ ಎಂದಿದ್ದರೂ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಆಹ್ವಾನದಲ್ಲಿ 'ಎಲ್ಲರಿಗೂ ಸ್ವಾಗತ' ಎಂಬ ಸಾಲಿದ್ದರೆ ಒಳ್ಳೆಯದು. ಒಳಗೆ ಬಂದವರು ಕೇಳಿಸಿಕೊಳ್ಳಲು ಬಂದಿದ್ದೇವೆಂದು ತಿಳಿದು ಕೂತರೆ ಸಾಕು, ಗುಂಪಿನ ಹುರುಳು ಕೆಡುವುದಿಲ್ಲ.

ಕಾಲೇಜಿನಲ್ಲಿ ದಾರಿ ಸಲೀಸು. ಸ್ಟೂಡೆಂಟ್ ಆಕ್ಟಿವಿಟೀಸ್ ಆಫೀಸಿನಲ್ಲಿ ಅವರು ಹೇಳಿದಷ್ಟು ಸದಸ್ಯರ ಹೆಸರು, ಪುಟ್ಟ ನಿಯಮಾವಳಿ, ಹಲವು ಕಡೆ ಒಬ್ಬ ಫ್ಯಾಕಲ್ಟಿ ಅಡ್ವೈಸರ್ ಇದ್ದರೆ ನೋಂದಣಿಯಾಗುತ್ತದೆ. ಆಮೇಲೆ ಕೋಣೆ ಬುಕ್ ಮಾಡಬಹುದು, ಎಲ್ಲರೂ ಕಟ್ಟುವ ಆಕ್ಟಿವಿಟಿ ಫೀಯಿಂದ ಹಣ ಕೇಳಬಹುದು. ಆದರೆ ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಿ: ಇದನ್ನು ನಡೆಸುವವರು ವಿದ್ಯಾರ್ಥಿಗಳೋ, ವಿಶ್ವವಿದ್ಯಾಲಯವೋ? ಟೆಕ್ಸಾಸ್‌ನಲ್ಲಿ 2024ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಸರ್ಕಾರಿ ವಿಶ್ವವಿದ್ಯಾಲಯಗಳ ಡಿಇಐ (ವೈವಿಧ್ಯ, ಸಮಾನತೆ, ಎಲ್ಲರನ್ನೂ ಒಳಗೊಳ್ಳುವುದು) ಕಚೇರಿಗಳನ್ನು ನಿಷೇಧಿಸಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನ ಮಲ್ಟಿಕಲ್ಚರಲ್ ಎಂಗೇಜ್‌ಮೆಂಟ್ ಸೆಂಟರ್ ಮುಚ್ಚಿಹೋಯಿತು. ವಿದ್ಯಾರ್ಥಿ ಸಂಘಟನೆಗಳಿಗೆ ಮಾತ್ರ ಆ ಕಾನೂನಿನಲ್ಲೇ ವಿನಾಯಿತಿ ಇದೆ. ಬೇರೆ ರಾಜ್ಯಗಳ ನಿಯಮಗಳೂ ಬದಲಾಗುತ್ತಿವೆ. ಮಗು ಯಾವ ರಾಜ್ಯದಲ್ಲಿ ಓದುತ್ತಿದೆಯೋ ಅಲ್ಲಿನ ಪರಿಸ್ಥಿತಿ ಕೇಳಿ ತಿಳಿದುಕೊಳ್ಳಿ.

ನಾವು ನಮ್ಮೊಳಗೇ ಕೇಳಿಕೊಳ್ಳಬೇಕಾದದ್ದೂ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಸೌತ್ ಏಷ್ಯನ್ ಗ್ರೂಪ್ ಎಂದ ಮಾತ್ರಕ್ಕೆ ಅಲ್ಲಿ ಎಲ್ಲ ಸೌತ್ ಏಷ್ಯನ್ನರಿಗೂ ನಿರಾಳವಾಗಿರಲು ಆಗುತ್ತದೆಯೇ? ಸರ್‌ನೇಮ್ ಕೇಳಿ ಜಾತಿ ಅಳೆಯುವ ಚಾಳಿ ವಿಮಾನ ಹತ್ತಿ ಇಲ್ಲಿಗೂ ಬಂದಿದೆ. ದಲಿತ ಕುಟುಂಬದ ವಿದ್ಯಾರ್ಥಿ ಅಂಥ ಕೋಣೆಯಲ್ಲೂ ತನ್ನ ಮನೆಯ ವಿಷಯ ಎತ್ತಲು ಹಿಂಜರಿಯುತ್ತಾನೆ. ಬ್ರ್ಯಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತಮ್ಮ ತಾರತಮ್ಯ ವಿರೋಧಿ ನೀತಿಯಲ್ಲಿ ಜಾತಿಯನ್ನು ಹೆಸರಿಸಿದ್ದು ಸುಮ್ಮನೆ ಅಲ್ಲ. ನಮ್ಮ ಮಕ್ಕಳು ಗುಂಪು ಕಟ್ಟುವಾಗ ಮೊದಲ ದಿನವೇ "ಇಲ್ಲಿ ಯಾರ ಜಾತಿಯನ್ನೂ ಕೇಳುವುದಿಲ್ಲ, ಜಾತಿಯಿಂದ ನೋವುಂಡವರು ಹೇಳಿದರೆ ಅದನ್ನು ಅಲ್ಲಗಳೆಯುವುದಿಲ್ಲ" ಎಂದು ಬರೆದುಕೊಳ್ಳಲಿ. ಬಾಂಗ್ಲಾದೇಶದ, ನೇಪಾಳದ ಮಕ್ಕಳು ಬಂದರೆ ಮಾತೆಲ್ಲ ಹಿಂದಿಯಲ್ಲೇ ಸಾಗದಿರಲಿ. ಕನ್ನಡದ ಮಕ್ಕಳಿಗೂ ಆ ಮುಜುಗರ ಹೊಸದಲ್ಲ.

ಓದಲೆಂದು ಕೊಡುವ ಎಫ್-1 ವೀಸಾದಲ್ಲಿ ಬಂದ ವಿದ್ಯಾರ್ಥಿಗಳೂ ಇಂಥ ಗುಂಪು ಸೇರಬಹುದು, ಸಂಬಳವಿಲ್ಲದ ಪದಾಧಿಕಾರಿಯೂ ಆಗಬಹುದು. ಸಂಬಳ ಬಂದರೆ ಅದು ಕೆಲಸವಾಗುತ್ತದೆ. ಆಗ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಲ್ಲಿ ವಿಚಾರಿಸಿಯೇ ಒಪ್ಪಿಕೊಳ್ಳಿ.

ಬುಧವಾರ ಸಂಜೆ ಮನೆಗೆ ಬಂದ ಮಗುವನ್ನು 'ಏನು ಮಾತಾಡಿದಿರಿ?' ಎಂದು ಕೆದಕಲು ಮನಸ್ಸು ತುಡಿಯುತ್ತದೆ. ನಾನೂ ಎರಡು ಸಲ ಕೆದಕಿದೆ, ಎರಡು ಸಲವೂ ಅವಳು ಬಾಯಿ ಬಿಡಲಿಲ್ಲ. ಮೂರನೇ ವಾರ ಕೇಳಲಿಲ್ಲ. ಅಂದು ಪಾತ್ರೆ ಒರೆಸುತ್ತಾ ಅವಳೇ ಹೇಳಿದಳು: "ಇವತ್ತು ಒಬ್ಬಳು ಅತ್ತಳಮ್ಮ, ನಾವೆಲ್ಲ ಸುಮ್ನೆ ಪಕ್ಕದಲ್ಲಿ ಕೂತಿದ್ವಿ."