ಮರುದಿನದ ನೆಗೆಟಿವ್ ರಿಪೋರ್ಟ್ ನಂಬಿ ಕೂರಬೇಡಿ

ಕಾಂಡೋಮ್ ಇಲ್ಲದೆ ಸಂಪರ್ಕ ಆಯಿತು, ಮರುದಿನವೇ ರಕ್ತ ಕೊಟ್ಟಿರಿ, ನೆಗೆಟಿವ್ ಬಂತು. ಅಷ್ಟಕ್ಕೇ ನಿರಾಳರಾಗಬೇಡಿ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಟೆಸ್ಟಿನಲ್ಲಿ ಕಾಣಿಸಲು ಸಮಯ ಬೇಕು. ಕ್ಲಮೀಡಿಯಾ, ಗೊನೋರಿಯಾಗೆ ಸುಮಾರು 2 ವಾರ. ಎಚ್‌ಐವಿಗೆ ಲ್ಯಾಬಿನ ಆಂಟಿಜೆನ್-ಆಂಟಿಬಾಡಿ ಟೆಸ್ಟ್ ಆದರೆ 45 ದಿನ, ಮನೆಯಲ್ಲೇ ಮಾಡಿಕೊಳ್ಳುವ ಕಿಟ್ ಆದರೆ 90 ದಿನ. ಸಿಫಿಲಿಸ್‌ಗೂ 90 ದಿನ ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿ.

ಆದರೆ ಎಚ್‌ಐವಿ ಭಯ ಇದ್ದರೆ ಕಾಯಲೇಬೇಡಿ! ಸಂಪರ್ಕ ಆದ 72 ಗಂಟೆಯೊಳಗೆ ಡಾಕ್ಟರ್ ಹತ್ತಿರ ಹೋಗಿ ಪೆಪ್ (ಎಚ್‌ಐವಿ ತಗುಲದಂತೆ ತಡೆಯುವ) ಮಾತ್ರೆ ಕೇಳಿ. 28 ದಿನ ತಪ್ಪದೆ ತೆಗೆದುಕೊಳ್ಳಬೇಕು.

ಏನೂ ನೋವಿಲ್ಲವಲ್ಲ ಅಂತ ಸುಮ್ನೆ ಇರಬೇಡಿ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದೇ ಇಲ್ಲ. ಕೆಲವು ವಾರದಲ್ಲಿ ತಾನಾಗಿಯೇ ಮಾಯುತ್ತದೆ, ಕಾಯಿಲೆ ಮಾತ್ರ ಒಳಗೇ ಉಳಿದಿರುತ್ತದೆ. ಬಾಯಿಯ ಸಂಪರ್ಕ ಆಗಿದ್ದರೆ ನಾಚಿಕೆ ಬಿಟ್ಟು ಹೇಳಿ. ಗಂಟಲಿನ ಸೋಂಕು ಮೂತ್ರದ ಟೆಸ್ಟಿನಲ್ಲಿ ಸಿಗುವುದಿಲ್ಲ ಅಲ್ವಾ, ಅದಕ್ಕೆ ಗಂಟಲಿನ ಸ್ವ್ಯಾಬ್ ಬೇರೆ ತೆಗೆಯಬೇಕು.